ಮರಳಿನೊಳಗೆ ಕೂತು ಮೀಸೆಯಿಂದ ಉಸಿರೆಳೆಯುವ ಏಡಿ: ನೋಡಿದವರು ಯಾರಾದರೂ ಇದ್ದೀರಾ?

ಉಪ್ಪುಗಾಳಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು, ಈಗ ಇರುವುದು ಉತ್ತರ ವೇಲ್ಸ್‌ನಲ್ಲಿ. ಐದು ವರ್ಷಗಳಿಂದ ಇಲ್ಲಿನ ತಣ್ಣೀರಿನಲ್ಲಿ ಡೈವ್ ಮಾಡುತ್ತಿದ್ದೇನೆ. ಕಳೆದ ಶನಿವಾರ ರಾತ್ರಿ ಆಂಗ್ಲ್‌ಸೀ ದ್ವೀಪದ ಒಂದು ಕೊಲ್ಲಿಯಲ್ಲಿ ದಡದಿಂದಲೇ ಇಳಿದೆವು. ಆಳ 8 ಮೀಟರ್ ಇದ್ದೀತು. ಕೆಳಗೆ ಬರೀ ಮರಳು. ಜೊತೆಗಾರನಿಗೆ ಬೇಸರ ಬಂದು ಬಂಡೆಗಳ ಕಡೆ ಹೋಗೋಣ ಎಂದು ಕೈಸನ್ನೆ ಮಾಡುತ್ತಿದ್ದ.

ಆಗ ಟಾರ್ಚ್ ಬೆಳಕಿನಲ್ಲಿ ಮರಳಿನಿಂದ ಎದ್ದ ಒಂದು ಕಡ್ಡಿ ಕಾಣಿಸಿತು. ಎರಡು ಸೆಂಟಿಮೀಟರ್ ಉದ್ದವಿತ್ತೇನೋ. ಯಾವುದೋ ಹುಳುವಿನ ಕೊಳವೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಒಂದು ಕಡ್ಡಿಯಲ್ಲ, ಅಂಟಿಕೊಂಡ ಎರಡು ಮೀಸೆ. ಅಂಚಿನುದ್ದಕ್ಕೂ ಕೂದಲು. ಉಸಿರು ಬಿಗಿಹಿಡಿಯದೆ, ನಿಧಾನಕ್ಕೆ ಬಿಡುತ್ತಾ ಎರಡು ನಿಮಿಷ ಅಲ್ಲೇ ಕಾದೆ. ಮರಳು ಸ್ವಲ್ಪ ಉಬ್ಬಿತು, ಬಿರುಕು ಬಿಟ್ಟಿತು. ಒಳಗಿಂದ ನೆಟ್ಟಗೆ, ಮನುಷ್ಯರು ಎದ್ದು ನಿಲ್ಲುವ ಹಾಗೆ, ಒಂದು ಏಡಿ ಮೇಲೆ ಬಂತು. ಬೆನ್ನ ಮೇಲೆ ಮುಖ! ಕಣ್ಣು, ಮೂಗು, ಬಿಗಿದ ಬಾಯಿ, ಎಲ್ಲ ಇತ್ತು. ಇಕ್ಕಳಗಳು ಮೈಗಿಂತ ಎರಡು ಪಟ್ಟು ಉದ್ದ.

ಇಲ್ಲಿನವರು ಇದನ್ನು ಮಾಸ್ಕ್ಡ್ ಕ್ರ್ಯಾಬ್ ಅನ್ನುತ್ತಾರೆ. ವೈಜ್ಞಾನಿಕ ಹೆಸರು ಕೋರಿಸ್ಟಿಸ್ ಕ್ಯಾಸಿವೆಲಾನಸ್. ಇದರ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ತಿಳಿದವರು ಬರೆಯಿರಿ. ಆ ಮೀಸೆಯ ಕೆಲಸವೇನು, ಅದು ನನ್ನನ್ನು ಬಹಳ ಕಾಡುತ್ತಿದೆ.

ಕಡಲತಡಿ

ಮಲ್ಪೆಯಿಂದ ಬರೆಯುತ್ತಿದ್ದೇನೆ. ಏಡಿಗೆ ನಮ್ಮಲ್ಲಿ ತುಳುವಿನಲ್ಲಿ ಡೆಂಜಿ, ಕೊಂಕಣಿಯವರಿಗೆ ಕುರ್ಲಿ. ಆದರೆ ನೀವು ಹೇಳುವ ಜಾತಿ ನಮ್ಮ ಬಲೆಗೆ ಬಿದ್ದದ್ದು ನಾನು ನೋಡಿಲ್ಲ. ಮೈಗಿಂತ ಉದ್ದದ ಇಕ್ಕಳ ಅಂದಿರಲ್ಲ, ಅಷ್ಟು ಉದ್ದ ಇಟ್ಟುಕೊಂಡು ಮರಳು ತೋಡುವುದು ಹೇಗೆ ಮಾರಾಯ್ರೆ?

ಕಿವಿರು

ಸಮುದ್ರಜೀವಶಾಸ್ತ್ರ ಓದಿದ್ದು ಕಾರವಾರದಲ್ಲಿ, ಈಗ ಪಾಠ ಮಾಡುತ್ತೇನೆ. ಈ ಏಡಿಯನ್ನು ಬದುಕಿದ್ದಾಗ ನೋಡುವ ಭಾಗ್ಯ ನನಗೆ ಸಿಕ್ಕಿಲ್ಲ. ಆದರೆ ಉಸಿರಾಟದ ಪಾಠ ಬಂದಾಗಲೆಲ್ಲ ಇದನ್ನೇ ಉದಾಹರಣೆ ಕೊಡುತ್ತೇನೆ.

ಮೊದಲು ಕಡಲತಡಿಯವರ ಪ್ರಶ್ನೆ. ತೋಡುವುದು ಇಕ್ಕಳದಿಂದಲ್ಲ, ಹಿಂದಿನ ಕಾಲುಗಳಿಂದ. ಏಡಿ ಮರಳಿನ ಮೇಲೆ ನೆಟ್ಟಗೆ ಕೂತು, ಚೂಪು ತುದಿಯ ಕಾಲುಗಳಿಂದ ತನ್ನ ಕೆಳಗಿನ ಮರಳನ್ನು ಸಡಿಲಿಸುತ್ತಾ ಹಿಮ್ಮುಖವಾಗಿ ಇಳಿಯುತ್ತದೆ. ಮೈ ಅಗಲಕ್ಕಿಂತ ಉದ್ದವಾಗಿರುವುದರಿಂದ ಗೂಟದ ಹಾಗೆ ಸಲೀಸಾಗಿ ಇಳಿಯುತ್ತದೆ. ಸಾಮಾನ್ಯ ಏಡಿಗಳ ಬೆನ್ನಚಿಪ್ಪು ಅಡ್ಡಕ್ಕೆ ಅಗಲ, ಇದರದು ಉದ್ದಕ್ಕೆ ಮೊಟ್ಟೆಯಾಕಾರ. ದೊಡ್ಡದೆಂದರೆ ಚಿಪ್ಪಿನ ಉದ್ದ 4 ಸೆಂಟಿಮೀಟರ್ ಅಷ್ಟೇ.

ಇನ್ನು ಮೀಸೆ. ಏಡಿ ಉಸಿರಾಡುವ ಸಾಮಾನ್ಯ ಕ್ರಮ ಹೀಗಿದೆ: ಕಾಲುಗಳ ಬುಡದ ಸಂದಿಯಿಂದ ನೀರು ಒಳಗೆ ಹೋಗುತ್ತದೆ, ಕಿವಿರುಗಳ ಮೇಲೆ ಹರಿದು ಬಾಯಿಯ ಪಕ್ಕದಿಂದ ಹೊರಗೆ ಬರುತ್ತದೆ. ಕಿವಿರು ಕೋಣೆಯ ಮುಂಭಾಗದಲ್ಲಿ ಒಂದು ಪುಟ್ಟ ಹಲಗೆಯಂಥ ಅಂಗ ಸದಾ ಬಡಿಯುತ್ತಾ ಈ ನೀರನ್ನು ಎಳೆಯುತ್ತಿರುತ್ತದೆ. ಈಗ ಇದೇ ಏಡಿಯನ್ನು ಮರಳಿನಲ್ಲಿ ಹೂತಿಡಿ. ಕಾಲಿನ ಬುಡದ ಸುತ್ತ ಇರುವುದು ನೀರಲ್ಲ, ಮರಳು. ಅಲ್ಲಿಂದ ಎಳೆದರೆ ಕಿವಿರಿಗೆ ಕೆಸರು ತುಂಬುತ್ತದೆ. ಕಡಲತಳದ ಮರಳನ್ನು ಕೆಲವು ಸೆಂಟಿಮೀಟರ್ ಕೆದಕಿದರೆ ಎಷ್ಟೋ ಕಡೆ ಕಪ್ಪು ಪದರ ಸಿಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿ ಆಮ್ಲಜನಕವೇ ಇಲ್ಲ.

ಆದ್ದರಿಂದ ಹೂತು ಕೂತ ಕೋರಿಸ್ಟಿಸ್ ನೀರಿನ ಹರಿವನ್ನೇ ತಿರುಗಿಸಿಬಿಡುತ್ತದೆ. ಎರಡೂ ಕುಡಿಮೀಸೆಗಳ ಉದ್ದಕ್ಕೆ ಎರಡೆರಡು ಸಾಲು ರೋಮಗಳಿವೆ. ಮೀಸೆಗಳನ್ನು ಜೋಡಿಸಿ ಹಿಡಿದಾಗ ಈ ರೋಮಗಳು ಒಂದಕ್ಕೊಂದು ಹೆಣೆದುಕೊಂಡು ಕೊಳವೆಯಾಗುತ್ತವೆ. ಕೊಳವೆಯ ತುದಿ ಮೇಲಿನ ತಿಳಿನೀರಿನಲ್ಲಿ, ಬುಡ ಬಾಯಿಯ ಹತ್ತಿರ. ನೀರು ಮೇಲಿಂದ ಇಳಿದು ಕಿವಿರು ದಾಟಿ ಕಾಲಿನ ಬುಡದಿಂದ ಹೊರಹೋಗುತ್ತದೆ. ಮರಳಿನ ಕಣ ಒಳಗೆ ಬೀಳದಂತೆ ರೋಮಗಳೇ ತಡೆಯುತ್ತವೆ. ಏಡಿ ಮೇಲೆ ಬಂದ ಕೂಡಲೇ ಹರಿವು ಮತ್ತೆ ಸಾಮಾನ್ಯ ದಿಕ್ಕಿಗೆ ತಿರುಗಬಹುದು.

1890ರ ದಶಕದಲ್ಲಿ ವಾಲ್ಟರ್ ಗಾರ್ಸ್ಟಾಂಗ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ವಿವರವಾಗಿ ದಾಖಲಿಸಿದರು. ನನಗೆ ಇದರಲ್ಲಿ ಹಿಡಿಸುವುದು ಒಂದೇ ವಿಷಯ. ಹರಿವು ತಿರುಗಿಸುವುದು ಈ ಏಡಿಯ ಹೊಸ ಉಪಾಯವಲ್ಲ. ಬಹಳಷ್ಟು ಏಡಿಗಳು ಕಿವಿರಿನ ಕಸ ತೊಳೆಯಲು ಆಗಾಗ ಒಂದೆರಡು ಕ್ಷಣ ಹೀಗೆ ತಿರುಗಿಸುತ್ತವೆ. ಬೇರೆಯವರ ಮನೆಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದದ್ದು ಇದರ ಮನೆಯಲ್ಲಿ ಉಸಿರೇ ಆಗಿಬಿಟ್ಟಿತು.

ಉಪ್ಪುಗಾಳಿ

ಮೂರು ಸಲ ಓದಿದೆ. ಸ್ನಾರ್ಕೆಲ್ ಅನ್ನೋಣವೇ ಇದನ್ನು? ಆದರೆ ನಮ್ಮ ಸ್ನಾರ್ಕೆಲ್‌ನಲ್ಲಿ ಒಂದೇ ಕೊಳವೆಯಲ್ಲಿ ಗಾಳಿ ಒಳಗೂ ಹೊರಗೂ ಹೋಗುತ್ತದೆ. ಇದಕ್ಕೆ ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಹಿತ್ತಿಲು.

ಹೊಸನೀರು

ಬೆಂಗಳೂರಿನವಳು. ಹೋದ ಡಿಸೆಂಬರ್‌ನಲ್ಲಿ ನೇತ್ರಾಣಿಯಲ್ಲಿ ಮೊದಲ ಡೈವ್ ಮಾಡಿದೆ. ಒಂದು ಸಂದೇಹ. ಬೆನ್ನ ಮೇಲೆ ಮುಖ ಇರುವ ಏಡಿ ಅಂದರೆ ಜಪಾನಿನ ಸಮುರಾಯ್ ಏಡಿಯಲ್ಲವೇ? ಯುದ್ಧದಲ್ಲಿ ಸತ್ತ ಯೋಧರ ಮುಖ ಅಂತ ಕೇಳಿದ್ದೆ.

ಕಿವಿರು

ಅದು ಬೇರೆ. ಹೈಕೆ ಏಡಿ ಅನ್ನುತ್ತಾರೆ. 1185ರಲ್ಲಿ ದಾನ್‌ನೋಉರಾ ಎಂಬಲ್ಲಿ ನಡೆದ ಕಡಲಯುದ್ಧದಲ್ಲಿ ಹೈಕೆ ಕುಲದವರು ಸೋತು ಮುಳುಗಿದರು, ಅವರ ಆತ್ಮಗಳು ಏಡಿಗಳಾದವು ಎಂಬುದು ಅಲ್ಲಿನ ಕಥೆ. ಮುಖದಂತಿರುವ ಏಡಿಯನ್ನು ಬೆಸ್ತರು ಭಕ್ತಿಯಿಂದ ನೀರಿಗೆ ಬಿಟ್ಟದ್ದರಿಂದ ಮುಖ ಸ್ಪಷ್ಟವಾಗುತ್ತಾ ಬಂತು ಎಂಬ ವಾದ ಬಹಳ ಪ್ರಚಾರ ಪಡೆಯಿತು. ನಾನು ಒಪ್ಪುವುದಿಲ್ಲ. ಅಷ್ಟು ಸಣ್ಣ ಏಡಿಯನ್ನು ಯಾರೂ ತಿನ್ನುವುದಿಲ್ಲ. ಮುಖ ಇದ್ದರೂ ಇಲ್ಲದಿದ್ದರೂ ಬಲೆಯಿಂದ ಎಸೆಯುವುದೇ. ಹೈಕೆ ಏಡಿಯ ಸಂಬಂಧಿಗಳು ನಮ್ಮ ಅರಬ್ಬೀ ಸಮುದ್ರದ ಟ್ರಾಲ್ ಬಲೆಗಳಿಗೂ ಬೀಳುತ್ತವೆ, ಇಲ್ಲಿ ಸಮುರಾಯ್ ಕಥೆಯೇ ಇಲ್ಲದಿದ್ದರೂ ಅವುಗಳ ಬೆನ್ನ ಮೇಲೆ ಉಬ್ಬುತಗ್ಗುಗಳಿವೆ.

ಚಿಪ್ಪಿನ ಗೆರೆಗಳು ಒಳಗಿನ ಅಂಗರಚನೆಯ ಗುರುತು. ಸ್ನಾಯು ಅಂಟಿಕೊಂಡಿರುವ ಕಡೆ ತಗ್ಗು. ಅದರಲ್ಲಿ ಮುಖ ಕಾಣುವುದು ನಮ್ಮ ಕಣ್ಣಿನ ಗುಣ. ಕೋರಿಸ್ಟಿಸ್‌ನ ಮುಖವಾಡವೂ ಅಷ್ಟೇ.

ಹೆಸರಿನಲ್ಲಿ ಮಾತ್ರ ಇದಕ್ಕೂ ಯೋಧರ ನಂಟಿದೆ. ಕೋರಿಸ್ಟಿಸ್ ಅಂದರೆ ಗ್ರೀಕಿನಲ್ಲಿ ಶಿರಸ್ತ್ರಾಣ ಧರಿಸಿದ ಯೋಧ. ಕ್ಯಾಸಿವೆಲಾನಸ್ ಕ್ರಿ.ಪೂ. 54ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಬಂದ ಜೂಲಿಯಸ್ ಸೀಸರನನ್ನು ಎದುರಿಸಿದ ನಾಯಕ. ಏಡಿಗೆ ಆ ಹೆಸರಿಟ್ಟವರು 1777ರಲ್ಲಿ ಥಾಮಸ್ ಪೆನಂಟ್, ಸ್ವತಃ ವೇಲ್ಸ್‌ನವರು. ಉಪ್ಪುಗಾಳಿಯವರೇ, ನಿಮ್ಮ ಊರಿನ ಕಡೆಯವರೇ.

ತೀರಯಾನಿ

ಸ್ಕಾಟ್ಲೆಂಡ್‌ನ ಪಶ್ಚಿಮ ತೀರದಿಂದ. ನಾನು ಡೈವರ್ ಅಲ್ಲ, ಬಿರುಗಾಳಿಯ ಮರುದಿನ ದಡದಲ್ಲಿ ನಡೆಯುವವಳು. ಹೋದ ಚಳಿಗಾಲದಲ್ಲಿ ಅಲೆ ತಂದು ಹಾಕಿದ ಕಡಲಪಾಚಿಯ ಸಾಲಿನಲ್ಲಿ ಈ ಏಡಿಗಳನ್ನು ಎಣಿಸಿದೆ. ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಅಷ್ಟೂ ಸತ್ತವೇ ಎಂದು ಮನಸ್ಸು ಕೆಟ್ಟಿತ್ತು. ಆಮೇಲೆ ನೋಡಿದರೆ ಎಲ್ಲವೂ ಸತ್ತವಲ್ಲ.

ಗುರುತಿಸುವುದು ಹೇಗೆಂದು ಹೇಳುತ್ತೇನೆ, ದಡದಲ್ಲಿ ನಡೆಯುವ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಬೇಕು. ಬೆನ್ನಚಿಪ್ಪಿನ ಹಿಂದಿನ ಅಂಚು ಮತ್ತು ಹೊಟ್ಟೆಯ ಮಡಿಕೆಯ ನಡುವೆ ಸೀಳು ಬಿಟ್ಟು, ಅಲ್ಲಿಂದ ಹಿಮ್ಮುಖವಾಗಿ ಹೊರಬರುತ್ತದೆ. ಇಕ್ಕಳ, ಕಾಲು, ಕಣ್ಣಿನ ಪೊರೆ, ಮೀಸೆ, ಎಲ್ಲದರ ಅಚ್ಚೂ ಹಾಗೇ ಉಳಿಯುತ್ತದೆ. ಕೈಗೆತ್ತಿಕೊಂಡರೆ ಒಣ ಎಲೆಯಷ್ಟು ಹಗುರ, ವಾಸನೆಯಿಲ್ಲ, ಹಿಂದಿನ ಅಂಚು ಪೆಟ್ಟಿಗೆಯ ಮುಚ್ಚಳದಂತೆ ತೆರೆಯುತ್ತದೆ. ಅದು ಪೊರೆ. ಭಾರವಿದ್ದು, ಮುಚ್ಚಳ ಬಿಗಿಯಾಗಿದ್ದು, ವಾಸನೆ ಬಂದರೆ ಅದು ಸತ್ತದ್ದು.

ಜೋರು ಬಿರುಗಾಳಿಯಲ್ಲಿ ಅಲೆಯ ಸೆಳೆತ ಆಳವಿಲ್ಲದ ಮರಳನ್ನೇ ಕಿತ್ತು ತಿರುವಿಹಾಕುತ್ತದೆ. ಹೂತು ಕೂತವು ಬೇರುಸಹಿತ ಕಿತ್ತ ಗಿಡದ ಹಾಗೆ ದಡಕ್ಕೆ ಬರುತ್ತವೆ. ಇನ್ನೂ ಜೀವ ಇದ್ದದ್ದನ್ನು ಕಂಡರೆ ನೀರಿಗೆ ಬಿಡುತ್ತೇನೆ. ಹಿಂದಿನಿಂದ, ಚಿಪ್ಪಿನ ಎರಡು ಅಂಚನ್ನು ಹಿಡಿದು. ಇಕ್ಕಳ ತೆಳು, ಹಿಡಿದೆಳೆದರೆ ಕಳಚಿ ಬರುತ್ತದೆ.

ಕಡಲತಡಿ

ಉದ್ದದ ಇಕ್ಕಳ ಎಲ್ಲದಕ್ಕೂ ಇರುತ್ತದೆಯೇ?

ತೀರಯಾನಿ

ಇಲ್ಲ, ಗಂಡಿಗೆ ಮಾತ್ರ. ಹೆಣ್ಣಿನ ಇಕ್ಕಳ ಚಿಪ್ಪಿನಷ್ಟೇ ಉದ್ದ. ಮಗುಚಿ ನೋಡಿದರೆ ಹೊಟ್ಟೆಯ ಮಡಿಕೆ ಗಂಡಿಗೆ ಕಿರಿದು, ಹೆಣ್ಣಿಗೆ ಅಗಲ. ಮೊಟ್ಟೆಗಳನ್ನು ಆ ಮಡಿಕೆಯಡಿಯೇ ಹೊರುತ್ತದೆ.

ಮರಳುಗಣ್ಣು

ನಾನು ಮುರುಡೇಶ್ವರದಲ್ಲಿ ಡೈವ್ ಕಲಿಸುತ್ತೇನೆ. ನೇತ್ರಾಣಿ ಇಲ್ಲಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಬರುವವರೆಲ್ಲ ಹವಳ, ಆಮೆ, ದೊಡ್ಡ ಮೀನು ಎನ್ನುತ್ತಾರೆ. ಬಂಡೆಗಳ ನಡುವೆ ಮರಳಿನ ತುಂಡು ಬಂದರೆ ಖಾಲಿ ಜಾಗ ಎಂದು ಅದರ ಮೇಲೆ ಮೊಣಕಾಲೂರಿ ಕೂರುತ್ತಾರೆ. ನಾವು ಕಲಿಸುವವರೇ ಕೂರಿಸುತ್ತೇವೆ. ಈ ಚರ್ಚೆ ಓದಿದ ಮೇಲೆ ಅದು ನನ್ನ ಮನಸ್ಸಿಗೆ ಚುಚ್ಚುತ್ತಿದೆ.

ಉಪ್ಪುಗಾಳಿಯವರೇ, ಇಂಥ ಏಡಿಯನ್ನು ಹುಡುಕುವುದು ಹೇಗೆ ಅಂತ ಬಿಡಿಸಿ ಹೇಳಿ. ನಮ್ಮಲ್ಲಿ ಜಾತಿ ಬೇರೆ, ಆದರೆ ನೋಡುವ ಕಣ್ಣು ಒಂದೇ.

ಉಪ್ಪುಗಾಳಿ

ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಜಾಗ. ಜಲ್ಲಿ, ದಪ್ಪ ಮರಳು ಇದಕ್ಕೆ ಆಗುವುದಿಲ್ಲ. ನುಣ್ಣನೆಯ ಮರಳು ಬೇಕು, ಸ್ವಲ್ಪ ಕೆಸರು ಬೆರೆತಿದ್ದರೂ ಸರಿ. ಇಳಿತದ ಗೆರೆಯಿಂದ ಹಿಡಿದು 90 ಮೀಟರ್ ಆಳದವರೆಗೂ ಇದೆ. ಉತ್ತರಕ್ಕೆ ನಾರ್ವೆ, ದಕ್ಷಿಣಕ್ಕೆ ಪೋರ್ಚುಗಲ್, ಆಮೇಲೆ ಮೆಡಿಟರೇನಿಯನ್. ನಮ್ಮಂಥ ಹವ್ಯಾಸಿಗಳಿಗೆ 5ರಿಂದ 15 ಮೀಟರ್ ಧಾರಾಳ ಸಾಕು.

ನೆರೆಹೊರೆಯವರನ್ನು ನೋಡಿ. ಹೃದಯದಾಕಾರದ ಕಡಲ ಮುಳ್ಳುಚೆಂಡಿನ ಖಾಲಿ ಚಿಪ್ಪು (ಇಲ್ಲಿನವರು ಸೀ ಪೊಟೇಟೊ ಅನ್ನುತ್ತಾರೆ), ಮರಳಿನ ಕಣ ಅಂಟಿಸಿ ಕೊಳವೆ ಕಟ್ಟುವ ಹುಳುಗಳು, ರೇಜರ್ ಚಿಪ್ಪುಗಳು. ಇವೆಲ್ಲ ಇದ್ದರೆ ಏಡಿಗೆ ಊಟವೂ ಇದೆ. ಮರಳಿನೊಳಗಿನ ಹುಳುಗಳು, ಸಣ್ಣ ಕಪ್ಪೆಚಿಪ್ಪುಗಳೇ ಇದರ ಆಹಾರ.

ಹೊತ್ತು ರಾತ್ರಿ. ಹಗಲಿಡೀ ಹೂತಿರುತ್ತದೆ, ಕತ್ತಲಾದ ಮೇಲೆ ಮೇಲೆ ಬರುತ್ತದೆ. ಕಾಡ್ ಮೀನಿಗೆ ಇದು ಇಷ್ಟದ ತುತ್ತು, ಹಾಗಾಗಿ ಹಗಲು ಹೊರಗೆ ಅಲೆಯುವುದು ಕಮ್ಮಿ.

ಟಾರ್ಚ್ ಮೇಲಿನಿಂದ ಹೊಡೆಯಬೇಡಿ. ನೆಲಕ್ಕೆ ಸಮವಾಗಿ, ಪಕ್ಕದಿಂದ ಹಿಡಿಯಿರಿ. ಸಂಜೆ ಬಿಸಿಲಿನಲ್ಲಿ ಗದ್ದೆಯ ಕೂಳೆಗೆಲ್ಲ ಉದ್ದ ನೆರಳು ಬೀಳುತ್ತದಲ್ಲ, ಹಾಗೆ ಎರಡು ಸೆಂಟಿಮೀಟರ್ ಮೀಸೆಗೂ ಗೇಣುದ್ದ ನೆರಳು ಬೀಳುತ್ತದೆ. ನಾನು ಕಂಡದ್ದು ಮೊದಲು ನೆರಳನ್ನೇ. ಹುಳುವಿನ ಕೊಳವೆಯ ತುದಿಯಲ್ಲಿ ಮರಳಿನ ಕಣ ಅಂಟಿದ ಕುಚ್ಚು ಇರುತ್ತದೆ, ಇದರಲ್ಲಿ ಇರುವುದಿಲ್ಲ. ಮೀಸೆಯ ತುದಿ ಕೆಲವೊಮ್ಮೆ ಕವಲಾಗಿ ಬಿಚ್ಚಿಕೊಂಡಿರುತ್ತದೆ.

ಇನ್ನು ಕಾಲು. ಫಿನ್ ಮೇಲೆ ಕೆಳಗೆ ಬಡಿದರೆ ಮರಳು ಎದ್ದು ಎಲ್ಲ ಮುಗಿಯಿತು. ಕಪ್ಪೆ ಈಜಿದ ಹಾಗೆ ಪಕ್ಕಕ್ಕೆ ಒದೆಯಿರಿ, ಹೊಟ್ಟೆ ನೆಲದಿಂದ ಒಂದು ಮೊಳ ಮೇಲಿರಲಿ.

ದೂರದೀಪ

ಫೋಟೊ ತೆಗೆಯುವವನ ಮಾತು. ಇಷ್ಟೆಲ್ಲ ಕಾಯುವ ಬದಲು ಮೀಸೆ ಕಂಡಲ್ಲಿ ಕೈಯಿಂದ ನೀರನ್ನು ಬೀಸಿದರೆ ಮರಳು ಸರಿದು ಏಡಿ ಹೊರಗೆ ಬರುತ್ತದೆ. ಮುಟ್ಟುವುದೂ ಇಲ್ಲ. ನಾನು ದಕ್ಷಿಣ ಇಂಗ್ಲೆಂಡಿನಲ್ಲಿ ಹಾಗೇ ತೆಗೆದಿದ್ದೇನೆ. ಅದು ಅರ್ಧ ನಿಮಿಷದಲ್ಲಿ ಮತ್ತೆ ಹೂತುಕೊಂಡಿತು. ತೊಂದರೆ ಏನು?

ಕಿವಿರು

ತೊಂದರೆ ಇದೆ. ಮುಟ್ಟದಿದ್ದರೂ ಇದೆ.

ಅದು ಆ ಹೊತ್ತಿನಲ್ಲಿ ಮೇಲಿನಿಂದ ನೀರು ಎಳೆದುಕೊಳ್ಳುತ್ತಿದೆ. ನೀವು ಬೀಸಿದಾಗ ಏಳುವ ಕೆಸರು ನೇರ ಕೊಳವೆಯ ಬಾಯಿಗೆ. ಅದು ಯಾವುದನ್ನು ತಪ್ಪಿಸಿಕೊಳ್ಳಲು ಮೀಸೆಯನ್ನು ಮೇಲೆತ್ತಿತ್ತೋ ಅದನ್ನೇ ನಾವು ತಂದು ಸುರಿಯುತ್ತೇವೆ. ಎರಡನೆಯದು, ಆಗಷ್ಟೇ ಪೊರೆ ಕಳಚಿದ ಏಡಿಯ ಮೈ ಮೆತ್ತಗಿರುತ್ತದೆ. ಮರಳಿನಡಿ ಇರುವುದು ಗಟ್ಟಿ ಚಿಪ್ಪಿನದೋ ಮೆತ್ತನೆಯದೋ ಮೇಲಿನಿಂದ ತಿಳಿಯುವುದಿಲ್ಲ. ನಿಮ್ಮ ದೀಪಕ್ಕೆ ಮೀನುಗಳು ಆಗಲೇ ಹತ್ತಿರ ಬಂದಿರುತ್ತವೆ.

ಇದು ಬಿಲದಲ್ಲಿ ಇರುವ ಏಡಿಯಲ್ಲ ಎಂಬುದನ್ನೂ ಗಮನಿಸಿ. ನಮ್ಮ ಕಡಲತೀರದ ದೆವ್ವದ ಏಡಿಗೆ ಓಡಿಹೋಗಲು ಬಿಲ ಇದೆ. ಉತ್ತರ ಅಟ್ಲಾಂಟಿಕ್ಕಿನಲ್ಲೇ ಕೆಸರಿನಲ್ಲಿ ಸುರಂಗ ತೋಡುವ ಗೋನಿಪ್ಲಾಕ್ಸ್ ಏಡಿಗೂ ಇದೆ. ಕೋರಿಸ್ಟಿಸ್‌ಗೆ ಬಾಗಿಲಿಲ್ಲ, ಗೋಡೆಯಿಲ್ಲ, ಮೈಗೆ ತಾಗಿದ ಮರಳೇ ಮನೆ. ಅದನ್ನು ಬೀಸಿ ತೆಗೆದರೆ ಮನೆ ಹೋಯಿತು.

ದೂರದೀಪ

ನಾನು ಕೆಸರಿನ ದಿಕ್ಕಿನಿಂದ ಯೋಚಿಸಿರಲಿಲ್ಲ. ಆ ಫೋಟೊದಲ್ಲಿ ಮೀಸೆ ಎರಡೂ ಬೇರೆಬೇರೆಯಾಗಿ ಹಿಂದಕ್ಕೆ ಬಾಗಿವೆ, ಈಗ ತೆರೆದು ನೋಡಿದೆ. ಇನ್ನು ಬೀಸುವುದಿಲ್ಲ. ಕಾದೇ ತೆಗೆಯುತ್ತೇನೆ.

ತೀರಯಾನಿ

ಒಂದು ಕೈ ಬೀಸಿದ್ದಕ್ಕೇ ಇಷ್ಟು ಮಾತಾಡಿದೆವು. ಸ್ಕ್ಯಾಲಪ್ ಚಿಪ್ಪಿಗಾಗಿ ಕಬ್ಬಿಣದ ಹಲ್ಲಿನ ಚೌಕಟ್ಟನ್ನು ಎಳೆಯುವ ದೋಣಿಗಳು ಇದೇ ಕಡಲತಳವನ್ನು ಉಳುತ್ತವೆ. ಐಲ್ ಆಫ್ ಮ್ಯಾನ್ ದ್ವೀಪದ ಪೋರ್ಟ್ ಎರಿನ್ ಊರಿನ ಪಕ್ಕದಲ್ಲಿ 1989ರಲ್ಲಿ ಒಂದಷ್ಟು ಜಾಗಕ್ಕೆ ಅಂಥ ಎಳೆತವನ್ನು ನಿಲ್ಲಿಸಿದರು. ಅದೇ ಊರಿನ ಪ್ರಯೋಗಾಲಯದಲ್ಲಿ ರಿಚರ್ಡ್ ಹಾರ್ಟ್‌ನೋಲ್ ಈ ಏಡಿಯ ಬದುಕನ್ನು ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದ್ದು. ಆ ಪ್ರಯೋಗಾಲಯ ಈಗ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕಡಲತಡಿ

ಹಾಗಾದರೆ ನಮ್ಮ ಮರಳಿನಲ್ಲಿ ಏನೂ ಇಲ್ಲವೇ? ಸಣ್ಣವನಿದ್ದಾಗ ಕೈರಂಪಣಿ ಎಳೆಯುವವರ ಜೊತೆ ನಿಲ್ಲುತ್ತಿದ್ದೆ. ಬಲೆ ದಡಕ್ಕೆ ಬಂದ ಮೇಲೆ ಮೀನು ಆರಿಸಿಕೊಂಡು ಉಳಿದದ್ದನ್ನು ಬಿಡುತ್ತಿದ್ದರು. ಅದರಲ್ಲಿ ಹಳದಿ ಏಡಿ ಒಂದಿತ್ತು, ಎರಡು ಪಕ್ಕಕ್ಕೂ ಒಂದೊಂದು ಮುಳ್ಳು. ಕಾಲುಗಳೆಲ್ಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಒದ್ದೆ ಮರಳಿನ ಮೇಲೆ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಮಾಯ.

ಕಿವಿರು

ಅದು ಮಟೂಟ, ಚಂದ್ರ ಏಡಿ. ಈಜುವ ಏಡಿಗಳಿಗೆ ಸಾಮಾನ್ಯವಾಗಿ ಕೊನೆಯ ಜೋಡಿ ಕಾಲು ಮಾತ್ರ ಹುಟ್ಟು. ಇದಕ್ಕೆ ಇಕ್ಕಳ ಬಿಟ್ಟು ಉಳಿದ ನಾಲ್ಕೂ ಜೋಡಿ ಹುಟ್ಟೇ. ಈಜಲೂ ಅವೇ, ತೋಡಲೂ ಅವೇ.

ಆದರೆ ಕೋರಿಸ್ಟಿಸ್‌ನ ನಿಜವಾದ ಜೋಡಿ ನಮ್ಮಲ್ಲಿ ಬೇರೆ ಇದೆ. ಅಲ್ಬೂನಿಯ. ಇದು ಅಸಲಿ ಏಡಿಗಳ ಗುಂಪಿನದಲ್ಲ, ಸನ್ಯಾಸಿ ಏಡಿಗಳ ಬಳಗಕ್ಕೆ ಹತ್ತಿರ. ಭಾರತದ ಕರಾವಳಿಯ ಮರಳಿನಲ್ಲಿ ಹೂತು ಬದುಕುತ್ತದೆ. ಇದಕ್ಕೂ ಮೈಗಿಂತ ಉದ್ದದ, ರೋಮ ತುಂಬಿದ ಮೀಸೆಗಳಿವೆ, ಇದೂ ಎರಡನ್ನು ಜೋಡಿಸಿ ಕೊಳವೆ ಮಾಡುತ್ತದೆ. ಏಡಿಗಳಿಗೆ ಎರಡು ಜೋಡಿ ಮೀಸೆ ಇರುತ್ತವೆ. ಕೋರಿಸ್ಟಿಸ್ ಕೊಳವೆ ಮಾಡಿಕೊಂಡದ್ದು ಎರಡನೆಯ ಜೋಡಿಯಿಂದ, ಅಲ್ಬೂನಿಯ ಮೊದಲನೆಯ ಜೋಡಿಯಿಂದ. ಅಂದರೆ ಒಂದರಿಂದ ಇನ್ನೊಂದು ಪಡೆದದ್ದಲ್ಲ. ಮರಳಿನಡಿ ಉಸಿರಾಡಬೇಕೆಂಬ ಒಂದೇ ಕಷ್ಟಕ್ಕೆ ಎರಡು ಕಡಲುಗಳಲ್ಲಿ, ಎರಡು ಬೇರೆ ಅಂಗಗಳಿಂದ ಒಂದೇ ಪರಿಹಾರ. ಇದನ್ನು ತರಗತಿಯಲ್ಲಿ ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ.

ಅಲೆ ಬಂದು ಹಿಂದೆ ಸರಿಯುವ ಜಾಗದಲ್ಲಿ ಕಾಲಿನಡಿ ಸರಕ್ಕನೆ ಹೂತುಕೊಳ್ಳುವ, ಮೊಟ್ಟೆಯಂಥ ಬೂದು ಜೀವಿಯನ್ನೂ ನೀವು ಹಿಡಿದಿರುತ್ತೀರಿ, ಕಡಲತಡಿಯವರೇ. ಅದು ಎಮೆರಿಟ, ಇದೇ ಬಳಗದ್ದು. ಅದು ಕಡಲಿಗೆ ಮುಖ ಮಾಡಿ ಹೂತುಕೊಂಡು, ಗರಿಯಂಥ ಎರಡನೆಯ ಮೀಸೆಗಳನ್ನು ಹಿಂದಿರುಗುವ ನೀರಿಗೆ ಬಲೆಯಂತೆ ಒಡ್ಡಿ ಆಹಾರ ಸೋಸುತ್ತದೆ. ಉಸಿರಿಗೆ ಮೊದಲನೆಯ ಮೀಸೆಗಳು.

ಕಡಲತಡಿ

ಹಿಡಿದಿದ್ದೇನೆ, ನೂರಾರು! ಅಂಗೈಯಲ್ಲಿ ಕಚಗುಳಿ ಇಡುತ್ತದೆ. ಅದಕ್ಕೆ ಮೀಸೆ ಇದೆ ಅಂತಲೇ ಇಷ್ಟು ವರ್ಷ ಗೊತ್ತಿರಲಿಲ್ಲ.

ಹೊಸನೀರು

ಉಪ್ಪುಗಾಳಿಯವರೇ, ಜೋಡಿ ಏಡಿ ಯಾವಾಗಲಾದರೂ ಕಂಡಿದ್ದೀರಾ? ಮರಿಗಳು ಕೂಡ ಮರಳಿನಲ್ಲೇ ಹುಟ್ಟುತ್ತವೆಯೇ?

ಉಪ್ಪುಗಾಳಿ

ಜೋಡಿ ನಾನಿನ್ನೂ ಕಂಡಿಲ್ಲ. ನಮ್ಮ ಕ್ಲಬ್ಬಿನ ಹಿರಿಯರು ವಸಂತದಲ್ಲಿ ನೋಡಿದ್ದಾರೆ, ಗಂಡು ತನ್ನ ಉದ್ದ ಇಕ್ಕಳದಲ್ಲಿ ಹೆಣ್ಣನ್ನು ಹಿಡಿದುಕೊಂಡು ಮರಳಿನ ಮೇಲೆ ಕೂತಿರುತ್ತದಂತೆ. ಮರಿಗಳ ವಿಷಯ ಕಿವಿರು ಅವರಿಗೆ ಬಿಡುತ್ತೇನೆ.

ಕಿವಿರು

ಮೊಟ್ಟೆಯೊಡೆದ ಮರಿ ಮರಳಿನಲ್ಲಿ ಇರುವುದಿಲ್ಲ. ಝೋಯಿಯಾ ಎಂಬ ಮುಳ್ಳುಮುಳ್ಳಿನ ಚುಕ್ಕೆಯಾಗಿ ತೆರೆದ ನೀರಿನಲ್ಲಿ ಪ್ಲವಕಗಳ (ಹರಿವಿನೊಂದಿಗೆ ಸಾಗುವ ಪುಟ್ಟ ಜೀವಿಗಳ) ಜೊತೆ ತೇಲುತ್ತದೆ. ಹಲವು ಸಲ ಪೊರೆ ಕಳಚಿ ಮೆಗಲೋಪ ಎಂಬ ಹಂತಕ್ಕೆ ಬಂದು, ಆಮೇಲೆ ತಳ ಹಿಡಿಯುತ್ತದೆ. ಬದುಕಿನ ಮೊದಲ ಭಾಗ ಪೂರಾ ನೀರಿನಲ್ಲಿ ಅಲೆದಾಟ, ಉಳಿದದ್ದು ಮರಳಿನಲ್ಲಿ.

ಮರಳುಗಣ್ಣು

ಇವತ್ತಿನಿಂದ ಒಂದು ಬದಲಾವಣೆ ಮಾಡಿದ್ದೇನೆ. ಹೊಸಬರನ್ನು ಮರಳಿನ ಮೇಲೆ ಮೊಣಕಾಲೂರಿಸದೆ ತೇಲಿಸಿಯೇ ಕಲಿಸುತ್ತೇನೆ. ಇಬ್ಬರಿಗೆ ಕಷ್ಟವಾಯಿತು, ಸಮಯ ಹೆಚ್ಚು ಹಿಡಿಯಿತು. ಕಲಿತರು.

ಇನ್ನೊಂದು ಕೇಳಬೇಕಿತ್ತು. ಕನ್ನಡದಲ್ಲಿ ಏನನ್ನೋಣ? ಮುಖವಾಡದ ಏಡಿ?

ತೀರಯಾನಿ

ಮುಖ ನಾವು ಕಂಡದ್ದು, ಮೀಸೆ ಅದು ಬಳಸುವುದು. ನನ್ನ ಮತ ಕೊಳವೆಮೀಸೆ ಏಡಿಗೆ.

ಕಡಲತಡಿ

ಕೊಳವೆಮೀಸೆ. ಬಾಯಲ್ಲಿ ಚೆನ್ನಾಗಿ ಕೂರುತ್ತದೆ.

ಉಪ್ಪುಗಾಳಿ

ನಿನ್ನೆ ರಾತ್ರಿ ಮತ್ತೆ ಅದೇ ಕೊಲ್ಲಿಗೆ ಹೋಗಿದ್ದೆ. ನೀರು 11 ಡಿಗ್ರಿ. ಬಂಡೆಯ ಕಡೆ ಹೋಗೋಣ ಎನ್ನುತ್ತಿದ್ದ ಜೊತೆಗಾರನೇ ಈ ಸಲ ಮುಂದೆ ಇದ್ದ, ಟಾರ್ಚನ್ನು ನೆಲಕ್ಕೆ ಸಮವಾಗಿ ಹಿಡಿದುಕೊಂಡು. 40 ನಿಮಿಷದಲ್ಲಿ ಆರು ಮೀಸೆ ಎಣಿಸಿದೆವು. ಐದು ಅಲುಗಲಿಲ್ಲ. ಆರನೆಯದರ ಹತ್ತಿರ ನನ್ನ ಗುಳ್ಳೆಗಳ ಸದ್ದು ಜಾಸ್ತಿಯಾಯಿತೋ ಏನೋ, ಮೀಸೆ ನಿಧಾನಕ್ಕೆ ಒಳಗೆ ಜಾರಿತು. ಮರಳಿನ ಮೇಲೆ ಬೆರಳ ತುದಿಯಷ್ಟು ಗುಳಿ ಉಳಿಯಿತು. ಹಿಂದೆ ಸರಿದು, ದೀಪ ತಗ್ಗಿಸಿ ಕಾದೆವು. ಗುಳಿಯಿಂದ ಮೊದಲು ಒಂದು ಮೀಸೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಎರಡೂ ಕೂಡಿಕೊಂಡವು.